ಹೆದ್ದಾರಿಯ ಕೆಳಗಿನ ಜೊತೆಗಾರ

ಮಾದೇವಕ್ಕ ನೇರವಾಗಿ ನಡೆದದ್ದನ್ನು ನಾನು ನೋಡಿದ್ದೇ ಇಲ್ಲ. ನಮ್ಮ ಮನೆಯಿಂದ ಬಸ್ ನಿಲ್ಲುವ ಜಾಗಕ್ಕೆ ನೂರು ಹೆಜ್ಜೆ. ಅಷ್ಟರಲ್ಲಿ ಆಕೆ ನಾಲ್ಕು ಕಡೆ ಸುತ್ತು ಬಳಸುವಳು. ಅಲ್ಲಿ ಕಲ್ಲಿಲ್ಲ, ಕೆಸರಿಲ್ಲ, ಬರೀ ನೆಲ. ಯಾರೋ ಮಲಗಿದ್ದಾರೆ, ಎಬ್ಬಿಸಬಾರದು ಎನ್ನುವಂತೆ ಸೀರೆ ಎತ್ತಿ ಹಿಡಿದು ಪಕ್ಕಕ್ಕೆ ಸರಿದು ದಾಟುವಳು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಹಿತ್ತಲಲ್ಲಿ ನಿಂತು ಬಟ್ಟೆ ಹರವುತ್ತಿದ್ದಾಗ ಬೇಲಿಯಾಚೆಯಿಂದ ಕೂಗಿದಳು:

"ಏ ತಂಗಿ, ಆಚೆ ಸರಿ. ನಿನ್ನ ನಾದಿನಿ ಮೇಲೆ ನಿಂತಿದ್ದೀಯೆ."

ನಾದಿನಿ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

ಅತ್ತೆ ಆಮೇಲೆ ಬಿಡಿಸಿ ಹೇಳಿದರು. ಮಾದೇವಕ್ಕ ಕೇರಿಯ ಸೂಲಗಿತ್ತಿ. ಹೆರಿಗೆಯಾದ ಮೇಲೆ ಬೀಳುವ ಮಾಸನ್ನು ಹೊಕ್ಕುಳಬಳ್ಳಿಯ ಸಮೇತ ಅರಿಶಿನ ಹಚ್ಚಿ, ಮಡಕೆಯಲ್ಲಿಟ್ಟು ಹೂಳುವುದು ಅವಳ ಕೆಲಸ. ಹೂಳಿದವರೆಲ್ಲ ಮರೆಯುತ್ತಾರೆ. ಇವಳು ಮಾತ್ರ ಒಂದನ್ನೂ ಮರೆಯಲಿಲ್ಲ. ಅದನ್ನು 'ಜೊತೆಗಾರ' ಎಂದು ಕರೆಯುತ್ತಿದ್ದಳು. "ಒಂಬತ್ತು ತಿಂಗ್ಳು ಒಟ್ಟಿಗೆ ಇದ್ದದ್ದು ಅದು. ಒಬ್ಬ ಮೇಲೆ ಬಂದ, ಒಬ್ಬ ಕೆಳಗೆ ಹೋದ. ಮೇಲಿನವ್ನಿಗೆ ಜ್ವರ ಬಂದ್ರೆ ಕೆಳಗಿನವ್ನಿಗೆ ಗೊತ್ತಾಗ್ತದೆ."

ಯಾರ ಮನೆಯ ಮಗುವಿಗೆ ಕಾಯಿಲೆಯಾದರೂ ಮೊದಲು ಆ ಜಾಗಕ್ಕೆ ಹೋಗಿ, ಮಂಡಿಯೂರಿ, ನೆಲಕ್ಕೆ ಕಿವಿ ಹಚ್ಚುವಳು. ಒಂದು ಕೈ ಮೇಲೆತ್ತಿ ನಮ್ಮನ್ನೆಲ್ಲ ಸುಮ್ಮನಿರಿಸುವಳು. ಕಾಗೆ ಕೂಡ ಆಗ ಕೂಗುತ್ತಿರಲಿಲ್ಲವೇನೋ ಅನಿಸುತ್ತದೆ. ಎದ್ದು, "ಆತು, ಎಂತ ಆಗೂದಿಲ್ಲ" ಅನ್ನುವಳು, ಇಲ್ಲವೇ, "ಡಾಕ್ಟ್ರ ಹತ್ರ ಹೋಗಿ. ಈಗ್ಲೇ" ಅನ್ನುವಳು. ಅವಳು ಈಗಲೇ ಅಂದಾಗ ಯಾರೂ ತಡ ಮಾಡುತ್ತಿರಲಿಲ್ಲ. ಅದರಿಂದ ಎಷ್ಟೋ ಮಕ್ಕಳು ಉಳಿದವು. ಅದು ಕಿವಿಯೋ ಅನುಭವವೋ ದೇವರಿಗೇ ಗೊತ್ತು. ನಾನಂತೂ ಕೈಮುಗಿದಿದ್ದೇನೆ.

ನನ್ನ ಮಗಳು ಹುಟ್ಟಿದ್ದು ಕುಮಟಾದ ಆಸ್ಪತ್ರೆಯಲ್ಲಿ. ನರ್ಸಮ್ಮ ಮಾಸನ್ನು ಕಸದ ಹಳದಿ ಚೀಲಕ್ಕೆ ಹಾಕಲು ಹೊರಟಾಗ ಮಾದೇವಕ್ಕ ಬಾಗಿಲಿಗೆ ಅಡ್ಡ ನಿಂತಳು. "ಚೀಲಕ್ಕೆ ಹಾಕೂಕೆ ಅದೆಂತ ಬಾಳೆಹಣ್ಣಿನ ಸಿಪ್ಪೆಯಾ?" ಜಗಳ ಗೆದ್ದು, ಮಾಸು ತುಂಬಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ಕಂಡಕ್ಟರ್ ತಮಾಷೆಗೆ, "ಎಂತ ಅಜ್ಜಿ, ಊಟವಾ?" ಅಂದ.

"ಅಲ್ಲ, ಪ್ಯಾಸೆಂಜರು. ಅರ್ಧ ಟಿಕೇಟು ಹರಿ."

ಅವನು ನಕ್ಕ. ಅವಳು ನಗಲಿಲ್ಲವಂತೆ.

ಹೆದ್ದಾರಿ ಅಗಲವಾದಾಗ ನಮ್ಮ ಹಳೆಯ ಮನೆಯ ಮುಂಭಾಗ, ಅಂಗಳ ಎಲ್ಲ ಹೋಯಿತು. ನಾವು ಹಿಂದಕ್ಕೆ ಸರಿದು ಎರಡು ಕೋಣೆ ಕಟ್ಟಿಕೊಂಡೆವು. ಬೀದಿಗೆ ಬೀಳಲಿಲ್ಲವಲ್ಲ, ಅದೇ ಪುಣ್ಯ ಎಂದು ನಾನು ದೀಪ ಹಚ್ಚಿದೆ. ಮಾದೇವಕ್ಕನ ಚಿಂತೆ ಬೇರೆ. "ನಿನ್ನ ಗಂಡನ ಜೊತೆಗಾರ ರಸ್ತೆ ಅಡಿಗೆ ಹೋದ್ನಲ್ಲೇ. ಲಾರಿ ಗದ್ಲದಲ್ಲಿ ಇನ್ನು ಎಂತ ಕೇಳ್ತದೆ?"

ಹೋದ ವರ್ಷ ನಮ್ಮವರು ತದಡಿಯಲ್ಲಿರುವ ನಾದಿನಿಯ ಮನೆಗೆ ಹೋಗಿದ್ದಾಗ ಬಳಚು ಎಂಬ ಚಿಪ್ಪುಮೀನು ಆರಿಸಲು ಹೊಳೆಗೆ ಇಳಿದರು. ಅದರ ಚಿಪ್ಪು ಹಿಮ್ಮಡಿಗೆ ತಾಗಿ ಸಣ್ಣ ಗಾಯವಾಯಿತು. ಮನೆಗೆ ಮರಳಿದ ಮೇಲೆ, ಮೂರನೆಯ ದಿನ ಚಳಿಜ್ವರ. ಮಧ್ಯಾಹ್ನದ ಹೊತ್ತಿಗೆ ಮಾತು ತಡವರಿಸತೊಡಗಿತು. ಮಾದೇವಕ್ಕ ಹೆದ್ದಾರಿಯ ಅಂಚಿನಲ್ಲಿ, ಉರಿಬಿಸಿಲಿಗೆ ಕಾದ ಟಾರಿಗೆ ಕಿವಿಯಿಟ್ಟು ಕೂತಳು. ಲಾರಿಗಳು ಹಾರ್ನ್ ಹೊಡೆದು ಸುತ್ತಿಹೋದವು. ಎದ್ದು ಬಂದವಳ ಕೆನ್ನೆ ಕೆಂಪಾಗಿತ್ತು.

"ಗಾಡಿ ತರ್ಸು ತಂಗಿ. ನಂಜು ರಕ್ತಕ್ಕೆ ಇಳ್ದದೆ."

ಭಟ್ಕಳ ದಾಟಿ ದಕ್ಷಿಣದ ದೊಡ್ಡ ಆಸ್ಪತ್ರೆಗೆ ಒಯ್ದೆವು. ಐಸಿಯುವಿನ ಚಿಕ್ಕ ಪ್ರಾಯದ ಡಾಕ್ಟರು ತಾಳ್ಮೆಯಿಂದ ಹೇಳಿದರು: "ಸೆಪ್ಸಿಸ್ ಅಮ್ಮಾ. ಒಳಗೆ ಬಂದ ರೋಗಾಣುವಿನ ಮೇಲೆ ದೇಹ ಯುದ್ಧಕ್ಕೆ ಹೊರಟು ತನ್ನ ಮನೆಯನ್ನೇ ಸುಟ್ಟುಕೊಳ್ತಾ ಇದೆ." ಬೇರೆ ಔಷಧಿ ಇಲ್ಲವೇ ಎಂದು ಪೀಡಿಸಿದೆ. "ಹೊಕ್ಕುಳಬಳ್ಳಿಯಿಂದ ಜೀವಂತ ಕಾಂಡಕೋಶ, ಅಂದ್ರೆ ಸ್ಟೆಮ್ ಸೆಲ್, ತೆಗೆದು, ಲ್ಯಾಬಿನಲ್ಲಿ ಬೆಳೆಸಿ ಕೊಟ್ಟರೆ ಆ ಉರಿಯನ್ನು ತಣಿಸಬಹುದು ಅಂತ ನೋಡ್ತಿದ್ದಾರೆ. ಪ್ರಾಣಿಗಳಲ್ಲಿ ಆಸೆ ಹುಟ್ಟಿಸಿದೆ. ಮನುಷ್ಯರಲ್ಲಿ ಇನ್ನೂ ಪರೀಕ್ಷೆ ನಡೀತಿದೆ. ಇವತ್ತು ನಮ್ಮ ಕೈಲಿರೋದು ಆಂಟಿಬಯೋಟಿಕ್ಕು, ಡ್ರಿಪ್ಪು, ಬಿಪಿ ಏರಿಸುವ ಔಷಧಿ."

ನನಗೆ ಕೇಳಿಸಿದ್ದು ಹೊಕ್ಕುಳಬಳ್ಳಿ ಎಂಬ ಒಂದೇ ಮಾತು. ಉಳಿದ ಮಾತು ನನ್ನೊಳಗೆ ನಿಲ್ಲಲಿಲ್ಲ. ಹೊರಗೆ ಬಂದು ಮಾದೇವಕ್ಕನಿಗೆ ಫೋನು ಮಾಡಿದೆ.

"ಅಕ್ಕಾ, ಹೊಕ್ಕುಳಬಳ್ಳಿಯಲ್ಲಿ ನಂಜು ತಣಿಸುವ ಜೀವ ಇರ್ತದಂತೆ."

ಅವಳ ಹಿಂದೆ ಲಾರಿಗಳ ಸದ್ದು. "ಡಾಕ್ಟ್ರೇ ಹೇಳಿದ್ರಾ?"

"ಹೌದು."

"ಆತು," ಅಂದು ಫೋನಿಟ್ಟಳು.

ಮರುದಿನ ಸಂಜೆ ನಾಲ್ಕಕ್ಕೆ, ರೋಗಿಗಳನ್ನು ನೋಡುವ ಸಮಯಕ್ಕೆ ಸರಿಯಾಗಿ, ಐಸಿಯು ಬಾಗಿಲಲ್ಲಿ ಅವಳು. ಎಂಬತ್ತರ ಮುದುಕಿ ಒಬ್ಬಳೇ ರೈಲು ಹತ್ತಿ ಬಂದಿದ್ದಳು. ಉಗುರಲ್ಲೆಲ್ಲ ಕೆಂಪು ಮಣ್ಣು. ಕೈಯಲ್ಲಿ ಸ್ಟೀಲಿನ ಡಬ್ಬಿ. ಬೆಳಿಗ್ಗೆ ರಸ್ತೆಯ ಪಕ್ಕದಿಂದ ಟಾರಿನ ಅಡಿಗೆ ಹಾರೆ ಹಾಕಿ ಅಗೆದಿದ್ದಳು. "ಮಡಕೆ ಸಿಕ್ಲಿಲ್ಲ. ಆದ್ರೆ ಮಣ್ಣು ಅದೇ. ಹಣೆಗೆ ಒಂದು ಬೊಟ್ಟು ಹಚ್ಚು ಸಾಕು."

ಡಬ್ಬಿ ತೆಗೆದುಕೊಂಡೆ. ಅದು ಬೆಚ್ಚಗಿತ್ತು. ಬಿಸಿಲಲ್ಲಿ ಬಂದದ್ದಕ್ಕಿರಬೇಕು. ಒಳಗೆ ನಮ್ಮವರ ಬಿಪಿ ಕುಸಿಯುತ್ತಲೇ ಇತ್ತು, ನನಗೆ ಬೇರೆ ಯಾವ ದಾರಿಯೂ ಕಾಣಲಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು ಎರಡು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಡಾಕ್ಟರು ಬಂದು, ಡಬ್ಬಿ ತೆರೆಸಿ, ಅದೇನೆಂದು ಕೇಳಿ ತಿಳಿದರು. ಬೈಯಲಿಲ್ಲ.

"ಅಮ್ಮಾ, ಈ ಮಣ್ಣು ಒಳಗೆ ಹೋದರೆ ಅವರನ್ನು ಕೊಲ್ಲುತ್ತೆ. ನಾನು ಹೇಳಿದ್ದು ಜೀವಂತ ಕೋಶದ ಮಾತು." ಅವಳ ಕಡೆ ತಿರುಗಿ, "ಇದರಲ್ಲಿದ್ದದ್ದು ಯಾವತ್ತೋ ಕರಗಿ ಹೋಗಿದೆ ಅಜ್ಜಿ," ಅಂದರು.

"ಕರಗಿದ್ದು ಎಲ್ಲಿಗೆ ಹೋಗ್ತದೆ ಡಾಕ್ಟ್ರೇ?"

ನಾನು ಡಬ್ಬಿಯನ್ನು ಅವಳಿಗೆ ಹಿಂದಿರುಗಿಸಿದೆ.

ನಮ್ಮವರು ಔಷಧಿಯಿಂದಲೇ ಉಳಿದರು. ಎರಡು ಕಾಲ್ಬೆರಳು ಹೋದವು, ಕಾಲು ಉಳಿಯಿತು. ಗಂಟಲಿನ ನಳಿಕೆ ತೆಗೆದ ದಿನ ಮೊದಲು ಆಡಿದ ಮಾತು: "ತಲೆ ಮೇಲೆ ಲಾರಿ ಹೋಗ್ತಿದ್ವು ಮಾರಾಯ್ತಿ. ಒಂದರ ಹಿಂದೆ ಒಂದು. ನಡುವೆ ಯಾರೋ ಮಣ್ಣು ಕೆರೀತಿದ್ರು." ಅದು ಯಂತ್ರದ ಸದ್ದು, ಎಲ್ಲರೂ ಹಾಗೇ ಹೇಳುತ್ತಾರೆ ಅಂದರು ಡಾಕ್ಟರು. ಇರಬಹುದು. ಆದರೆ ಮಣ್ಣು ಅಗೆದ ವಿಷಯ ನಮ್ಮವರಿಗೆ ಯಾರೂ ಹೇಳಿರಲಿಲ್ಲ.

ಅಷ್ಟರಲ್ಲಿ ಮಾದೇವಕ್ಕ ತೀರಿಹೋಗಿ ಎರಡು ದಿನವಾಗಿತ್ತು. ಮನೆಯಲ್ಲಿ ಜ್ವರ ಮುಚ್ಚಿಟ್ಟು ಮಲಗಿದ್ದಳಂತೆ. ಹೊನ್ನಾವರಕ್ಕೆ ಒಯ್ಯುವಷ್ಟರಲ್ಲಿ ಕೈ ಮೊಣಕೈವರೆಗೆ ಕಪ್ಪಾಗಿತ್ತು. ರಕ್ತಕ್ಕೆ ನಂಜು, ತಡವಾಯಿತು ಅಂದರಂತೆ.

ಆ ಸಂಜೆ ಡಬ್ಬಿ ಹಿಂದೆ ಕೊಡುವಾಗ ಅವಳ ತೋರುಬೆರಳಿಗೆ ಸುತ್ತಿದ್ದ ಬಟ್ಟೆ ಕಂಡಿತ್ತು. "ಅದೆಂತ ಅಕ್ಕಾ?" ಅಂದೆ. "ಅಗೆಯೂಕಾರೆ ತಂತಿ ಗೀರ್ತು, ಎಂತ ಇಲ್ಲ," ಎಂದು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಗಲೇ ನರ್ಸು ಬಾಗಿಲು ತೆರೆದು, ಬಿಪಿ ಏರ್ತಾ ಇದೆ, ಸುಧಾರಿಸ್ತಿದ್ದಾರೆ, ಬನ್ನಿ ಅಂದರು. ಅವಳ ಬೆರಳನ್ನು ತೋರಿಸಬಹುದಾಗಿದ್ದ ತುರ್ತು ಚಿಕಿತ್ಸೆಯ ಕೋಣೆ ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿತ್ತು. ನಾನು ದೇವರೇ ಎಂದು ಕೈಮುಗಿದು ಒಳಗೆ ಓಡಿದೆ. ಇನ್ನೊಂದು ಸಲ ಕೇಳಲಿಲ್ಲ.