ಶಾಂತವ್ವ ಎದ್ದು ಹೋಗುತ್ತಿದ್ದುದು ಯಾಕೆ

ಶಾಂತವ್ವನಿಗೆ ಕಳ್ಳಿ ಎಂಬ ಹೆಸರು ತಂದವಳು ನಾನು. ಅವಳು ಕದ್ದಿಲ್ಲವೆಂದು ಗೊತ್ತಾದ ಮೇಲೂ ಬಾಯಿ ಬಿಡದೆ ಕೂತವಳೂ ನಾನೇ. ನಾಲ್ಕೈದು ವರ್ಷ ಹಾಗೇ ಕೂತಿದ್ದೆ.

ಹನುಮಸಾಗರದ ಹತ್ತಿರ ಗೌಡರೊಬ್ಬರ ಹೊಲದಲ್ಲಿ ಕಂಪನಿಗಾಗಿ ಟೊಮೆಟೊ ಬೀಜ ಬೆಳೆಯುತ್ತಾರೆ. ಪರದೆ ಕಟ್ಟಿದ ಸಾಲುಗಳೊಳಗೆ ಹೆಂಗಸರು ಕೂತು, ಹೆಣ್ಣು ಗಿಡದ ಹೂವಿಗೆ ಗಂಡು ಗಿಡದ ಹೂವಿನ ಪುಡಿ ಮುಟ್ಟಿಸಬೇಕು. ಅವರ ಮೇಲೆ ನಾನು ಮೇಸ್ತ್ರಿ. ಆ ಪುಡಿ ಹೊರಗಿನವರ ಕೈ ಸೇರಬಾರದೆಂದು ಕಂಪನಿಯವರು ಹೆದರಿಸಿಟ್ಟಿದ್ದರು. ಗಂಡು ಹೂ ಕೊಯ್ದು ತರುತ್ತಿದ್ದವಳು ಶಾಂತವ್ವ—ನಲವತ್ತು ದಾಟಿದ, ಯಾರ ತಂಟೆಗೂ ಹೋಗದ ಹೆಂಗಸು.

ಆ ಬೇಸಿಗೆಯಲ್ಲಿ ಪುಡಿಯ ಡಬ್ಬಿ ತುಂಬುವುದು ನಿಂತಿತು. ಅದೇ ದಿನಗಳಲ್ಲಿ ಶಾಂತವ್ವ ಮೇಲಿಂದ ಮೇಲೆ ಎದ್ದು ಹೊರಗೆ ಹೋಗತೊಡಗಿದಳು. ಜಾಲಿ ಪೊದೆಯ ಮರೆಗೆ ಹೋಗುತ್ತಿದ್ದಳು. ಆ ಪೊದೆಯ ಆಚೆ ಬೇರೊಂದು ಕಂಪನಿಗೆ ಬೀಜ ಬೆಳೆಯುವವರ ಹೊಲ. ನನ್ನ ತಲೆಯಲ್ಲಿ ಇವೆರಡೂ ಕೂಡಿಕೊಂಡವು—ಕೂಡಿಕೊಂಡ ಮೇಲೆ ಬಿಡಿಸಿ ನೋಡುವ ಮನಸ್ಸು ನನಗೆ ಬರಲಿಲ್ಲ.

"ಮತ್ತ ಎಲ್ಲಿಗೆ?" ಎಂದು ಒಂದು ದಿನ ಅಡ್ಡಗಟ್ಟಿದೆ.

"ಒಂದಕ್ಕ, ನೀಲಕ್ಕ. ತಡಕೊಳ್ಳಾಕ ಆಗವಲ್ದು. ಹೋಗಿ ಬಂದು ಕುಂತ್ರ ಮತ್ತ ಅವಸರ ಆಕ್ಕೈತಿ."

"ಊರಾಗ ಯಾರಿಗೂ ಆಗದ್ದು ನಿನಗ ಆಕ್ಕೈತಿ?"

ಅವಳು ತಲೆ ತಗ್ಗಿಸಿದಳು. ತಪ್ಪು ಮಾಡಿದವರೇ ಹೀಗೆ ತಲೆ ತಗ್ಗಿಸುವುದು ಎಂದುಕೊಂಡೆ. ಮರುದಿನದಿಂದ ಅವಳು ನೀರು ಕುಡಿಯುವುದನ್ನು ಬಿಟ್ಟಳು. ಆ ಉರಿಬಿಸಿಲಲ್ಲೂ ತಂಬಿಗೆ ಮುಟ್ಟಲಿಲ್ಲ. ಅದನ್ನೂ ನಾನು ನಾಟಕವೆಂದೇ ತಿಳಿದೆ. ನೀರು ಬಿಟ್ಟರೂ ಏಳುತ್ತಿದ್ದಳಲ್ಲ—ಇನ್ನೇನು ಬೇಕಿತ್ತು ನನಗೆ? ಶೆಡ್ಡಿನ ಹಿಂದೆ ಕಂಪನಿಯವರು ಬಂದಾಗಷ್ಟೇ ತೆರೆಯುವ ಪಾಯಖಾನೆ ಇತ್ತು. ಅದರ ಬೀಗದ ಕೈ ನನ್ನ ಹತ್ತಿರವೇ ಇತ್ತು. ಅದನ್ನು ಅವಳಿಗೆ ಕೊಡಬೇಕೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ.

ಅವಳ ಸೊಂಟದಲ್ಲಿ ಸೀರೆಯೊಳಗೆ ಏನೋ ಉಬ್ಬಿದ್ದನ್ನು ಕಂಡ ದಿನ ಗೌಡರಿಗೆ ಹೇಳಿದೆ.

"ನೋಡೇ ಬಿಡು ಒಮ್ಮೆ," ಎಂದರು ಅವರು. "ಎಲ್ಲಾರ ಮುಂದ ನೋಡು. ಉಳದೋರಿಗೂ ಬುದ್ಧಿ ಬರ್ತೈತಿ."

ಹೆಂಗಸರನ್ನೆಲ್ಲ ಕರೆದೆ. ಶಾಂತವ್ವ ಸೊಂಟದ ಮೇಲೆ ಎರಡೂ ಕೈ ಒತ್ತಿಕೊಂಡು, "ಬ್ಯಾಡ ನೀಲಕ್ಕ, ನಿನ್ನ ಕಾಲಿಗೆ ಬೀಳ್ತೀನಿ, ಒಳಗ ಕರಕೊಂಡು ಹೋಗಿ ನೋಡು," ಎಂದಳು. ನಾನು ಅವಳ ಕೈ ಕಿತ್ತು ಗಂಟನ್ನು ಎಳೆದೆ. ಕೆಳಗೆ ಬಿದ್ದದ್ದು ಹಳೆಯ ಸೀರೆಯ ಮಡಿಕೆಗಳು. ಕೆಲವು ಒಣಗಿದ್ದವು, ಒಂದೆರಡು ಒದ್ದೆಯಾಗಿದ್ದವು. ಪೊದೆ ಮುಟ್ಟುವಷ್ಟರಲ್ಲಿ ತಡೆಯಲಾಗದೆ ಹೋದರೆ ಎಂದು ಕಟ್ಟಿಕೊಂಡಿದ್ದ ಅರಿವೆ. ವಾಸನೆ ಬಂತು. ಯಾರೋ ನಕ್ಕರು.

ಅಲ್ಲಿಗಾದರೂ ನಿಲ್ಲಿಸಬಹುದಿತ್ತು—ಕ್ಷಮಿಸು ಎನ್ನಬಹುದಿತ್ತು. ಆದರೆ ಅಷ್ಟು ಜನರ ಮುಂದೆ ಸೋಲುವುದು ನನ್ನಿಂದ ಆಗಲಿಲ್ಲ.

"ಸಿಗಲಿಲ್ಲ ಅಂದ್ರ ಕದ್ದಿಲ್ಲ ಅಂತಲ್ಲ," ಎಂದೆ. "ಮೊದ್ಲ ಕೊಟ್ಟು ಬಂದಿರಬೇಕು."

ಶಾಂತವ್ವ ಅರಿವೆಗಳನ್ನು ಒಂದೊಂದಾಗಿ ಆಯ್ದುಕೊಂಡು ಹೋದಳು. ಆ ಮೇಲೆ ಸುತ್ತಲಿನ ಯಾವ ಹೊಲದವರೂ ಅವಳನ್ನು ಕೂಲಿಗೆ ಕರೆಯಲಿಲ್ಲ.

ವಾರ ಕಳೆದಿರಬೇಕು. ಕಂಪನಿಯ ಹುಡುಗ ಬಂದವನು ಡಬ್ಬಿ ನೋಡಿ, "ಬಿಸಿಲು ಏರಿದ್ರ ಗಂಡು ಹೂವಿನಾಗ ಪುಡಿ ಸರಿಯಾಗಿ ಬರಂಗಿಲ್ರಿ. ಈ ಸಲ ಎಲ್ಲಾ ಕಡೆ ಹಿಂಗ ಐತಿ," ಎಂದ. ನಾನು "ಹೌದೇನ್ರಿ," ಎಂದೆ, ಅಷ್ಟೇ. ಕಳವೇ ಆಗಿರಲಿಲ್ಲ. ಅದು ಗೊತ್ತಿದ್ದವಳು ಆ ಹೊಲದಲ್ಲಿ ನಾನೊಬ್ಬಳೇ.

ಮಳೆಗಾಲದಲ್ಲಿ ಬಸುರಿ ಮಗಳನ್ನು ಕರೆದುಕೊಂಡು ಕುಷ್ಟಗಿಯ ದವಾಖಾನೆಗೆ ಹೋಗಿದ್ದೆ. ಅವಳೂ ಕೂತಲ್ಲಿಂದ ಏಳುತ್ತಲೇ ಇದ್ದಳು. ಅವಳ ಮೇಲೆ ನನಗೆ ಅನುಮಾನ ಬರಲಿಲ್ಲ. ಡಾಕ್ಟರಮ್ಮನ ಮುಂದೆ ನಮಗಿಂತ ಮೊದಲು ಕೂತಿದ್ದವಳು ಶಾಂತವ್ವ. ಇಳಿದುಹೋಗಿದ್ದಳು. ಬಾಗಿಲು ತೆರೆದೇ ಇತ್ತು.

"ಹೆಣ್ಮಕ್ಕಳಿಗೆ ಹಿಂಗ ಆಗಾಕ ಕಾರಣ ಭಾಳ ಅದಾವ," ಎನ್ನುತ್ತಿದ್ದರು ಡಾಕ್ಟರಮ್ಮ. "ಬಸುರಾದ್ರ ಆಕ್ಕೈತಿ, ಸಕ್ಕರಿ ಕಾಯಿಲಿ ಇದ್ರ ಆಕ್ಕೈತಿ, ಮೂತ್ರದಾಗ ಕಲ್ಲು ಇದ್ರ ಆಕ್ಕೈತಿ, ಹೆರಿಗಿ ಆಗಿ ಕೆಳಗ ಸಡ್ಲಾದ್ರೂ ಆಕ್ಕೈತಿ. ನಿನಗ ಅವು ಯಾವೂ ಇಲ್ಲ. ಗರ್ಭಚೀಲದಾಗ ಗಡ್ಡಿ ಬೆಳದೈತಿ. ಅದು ಮೂತ್ರದ ಚೀಲ ಒತ್ತಾಕತ್ತೈತಿ. ನೀರು ಬಿಟ್ಟು, ತಡಕೊಂಡು ಕುಂತು, ಮ್ಯಾಲ ಸೋಂಕೂ ಮಾಡಿಕೊಂಡೀದಿ. ಮೂತ್ರಪಿಂಡದ ತನಕ ಏರೈತಿ. ಯಾಕವ್ವ ಇಷ್ಟು ದಿನ ಬರಲಿಲ್ಲ?"

"ನಾಚಿಕಿ ಬಂತ್ರಿ. ಆಮ್ಯಾಲ—ಮನಿಯಿಂದ ಹೊರಗ ಬರೋದ ಬಿಟ್ಟೆ."

ಏಳುವಾಗ ಅವಳು ನನ್ನನ್ನು ನೋಡಿದಳು. ನಾನು ಮಗಳ ಸೆರಗು ಸರಿಮಾಡುವವಳಂತೆ ಮುಖ ತಿರುಗಿಸಿದೆ.

ಕೊಪ್ಪಳದಲ್ಲಿ ಅವಳ ಆಪರೇಷನ್ ಆಯಿತು, ಬದುಕಿಕೊಂಡಳು ಎಂದು ಕೇಳಿದೆ. ಕೇಳಿ ಸಮಾಧಾನವಾಯಿತು—ಆ ಸಮಾಧಾನ ಅವಳಿಗಾಗಿಯೋ, ನನಗಾಗಿಯೋ, ಈಗಲೂ ಹೇಳಲಾರೆ. ಅವಳು ಊರು ಬಿಟ್ಟು ಬೇವೂರಿನ ತಂಗಿಯ ಮನೆ ಸೇರಿದಳು. ಇಲ್ಲಿ ಮಾತ್ರ ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರಿಗೂ ಅವಳ ಕಥೆ ಹೇಳುತ್ತಿದ್ದರು—'ಪುಡಿ ಕದ್ದ ಶಾಂತವ್ವ' ಎಂದು. ನಾನು ಅಲ್ಲೇ ನಿಂತು ಕೇಳುತ್ತಿದ್ದೆ. ಆ ಹುಡುಗಿಯರೂ ನನ್ನ ಹೆದರಿಕೆಗೆ ನೀರು ಕಡಿಮೆ ಕುಡಿಯುತ್ತಿದ್ದರು. ಅದನ್ನೂ ಕಂಡೆ.

ಈ ವರ್ಷ ಬೇವೂರಿಗೆ ಹೋದೆ. ಶಾಂತವ್ವ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ಕೂರು ಎನ್ನಲಿಲ್ಲ. ನಿಂತೇ ಎಲ್ಲ ಹೇಳಿದೆ—ಪುಡಿಯ ಮಾತು, ಕಂಪನಿಯ ಹುಡುಗ ಹೇಳಿದ್ದು, ದವಾಖಾನೆಯಲ್ಲಿ ಮುಖ ತಿರುಗಿಸಿದ್ದು. ಅವಳ ಕೈ ನಿಲ್ಲಲಿಲ್ಲ.

"ನನಗ್ಯಾಕ ಹೇಳ್ತಿ?" ಎಂದಳು ಕೊನೆಗೆ. "ನಾ ಕದ್ದಿಲ್ಲಂತ ನನಗ ಗೊತ್ತೈತಿ. ಗೊತ್ತಿಲ್ದೋರಿಗೆ ಹೋಗಿ ಹೇಳು."

ಮರುದಿನ ಹೊಲದಲ್ಲಿ ಹೆಂಗಸರನ್ನೆಲ್ಲ ಕೂಡಿಸಿದೆ. ಹೇಳಿ ಮುಗಿಸಿದಾಗ ಒಬ್ಬರ ಮುಖ ಒಬ್ಬರು ನೋಡಿದರು. ಹನಮವ್ವನೆಂಬ ಹಿರಿಯಳು ಕಣ್ಣು ಕಿರಿದು ಮಾಡಿ ಕೇಳಿದಳು:

"ಇಷ್ಟು ವರ್ಷ ಇಲ್ಲದ್ದು ಈಗ್ಯಾಕ? ಈ ಸಲ ಯಾರ ಮ್ಯಾಲ ಹೊರಸಾಕ ಬಂದಿ?"

"ನನ್ನ ಮ್ಯಾಲ," ಎಂದೆ.

ಅವರು ನಂಬಲಿಲ್ಲ. ಇದರಲ್ಲೂ ನನ್ನದೇನೋ ಹುನ್ನಾರ ಇದೆಯೆಂದೇ ನೋಡುತ್ತಿದ್ದರು. ನಾನು ಅಲ್ಲಿಂದ ಏಳಲಿಲ್ಲ. ಮತ್ತೆ ಮೊದಲಿನಿಂದ ಹೇಳತೊಡಗಿದೆ.