ಅಣ್ಣ ಮಾಡಿದ ಗಾಳದ ಕೋಲು

ನನ್ನ ಇಂಗ್ಲಿಷನ್ನು ಯಾರಾದರೂ ಹೊಗಳಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಬೇಲೂರಿನ ಮೇದರ ಕೇರಿಯಲ್ಲಿ ಹುಟ್ಟಿ, ಲೋವರ್ ಸೆಕೆಂಡರಿ ಪಾಸು ಮಾಡಿ, ಹಳೇಬೀಡಿನ ಸ್ಕೂಲಿನಲ್ಲಿ ಮೇಷ್ಟ್ರಾದವನು ನಮ್ಮ ಕೇರಿಯಲ್ಲಿ ನಾನೊಬ್ಬನೇ. ಕೇರಿಯವರು ನನ್ನನ್ನು ಕಂಡರೆ ಜಗಲಿ ಬಿಟ್ಟು ಏಳುತ್ತಿದ್ದರು. ಆ ಇಂಗ್ಲಿಷಿನಿಂದ ನಾನು ಸಾಧಿಸಿದ ಘನಕಾರ್ಯ ಒಂದೇ. ನನ್ನ ಅಣ್ಣನಿಗೆ ತನ್ನ ಕೈಯ ಮೇಲೆ ಇದ್ದ ನಂಬಿಕೆಯನ್ನು ನುಂಗಿ ನೀರು ಕುಡಿದದ್ದು.

ಅಣ್ಣನ ಕೈ ಎಂಥದ್ದು ಎಂದು ಮೊದಲು ಹೇಳಬೇಕು. ಬಿದಿರು ಮೆಳೆಯ ಮುಂದೆ ನಿಂತು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರೆ ಸಾಕು, ಇದು ಮೊರಕ್ಕೆ, ಇದು ಏಣಿಗೆ, ಇದು ಒಲೆಗೆ ಎಂದು ಹೇಳಿಬಿಡುತ್ತಿದ್ದ. ಕಡಿಯುವುದು ಕೃಷ್ಣಪಕ್ಷದಲ್ಲಿ ಮಾತ್ರ. ಬೆಳದಿಂಗಳ ಹದಿನೈದು ದಿನ ಕಡಿದ ಬಿದಿರಿಗೆ ಹುಳ ಬೀಳುತ್ತದೆಂದು ನಮ್ಮಲ್ಲಿ ಯಾರೂ ಆಗ ಮಚ್ಚು ಎತ್ತುವುದಿಲ್ಲ. ಕಡಿದದ್ದನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ ವರ್ಷಗಟ್ಟಲೆ ಹೊಗೆ ಕುಡಿಸುತ್ತಿದ್ದ. ಬೇಲೂರಿಗೆ ಬಂದವರೆಲ್ಲ ಕಲ್ಲು ನೋಡಿ ಬಾಯಿ ಬಿಡುತ್ತಾರೆ. ನಮ್ಮ ಮನೆಯ ಅಟ್ಟವನ್ನು ಒಬ್ಬನಾದರೂ ತಲೆಯೆತ್ತಿ ನೋಡಲಿಲ್ಲ.

ನೋಡಿದವನು ಒಬ್ಬ ಇಂಗ್ಲಿಷ್ ದೊರೆ. ಬೆಟ್ಟದ ಕಡೆ ಅವನದೊಂದು ಕಾಫಿ ತೋಟವಿತ್ತು. ಹಣ್ಣು ಬಿಡಿಸುವ ಬುಟ್ಟಿಗಳನ್ನು ಅಲ್ಲಿಗೆ ಒದಗಿಸುತ್ತಿದ್ದವನು ಅಣ್ಣ. ದೊರೆಗೆ ಮೀನಿನ ಹುಚ್ಚು. ಯಗಚಿಯ ಮಡುಗಳಲ್ಲಿ ಬಿಳಿಮೀನು ಹಿಡಿಯಬೇಕೆಂದು ಆಗಾಗ ಬೇಲೂರಿನ ಬಂಗಲೆಗೆ ಬಂದು ಇಳಿದುಕೊಳ್ಳುತ್ತಿದ್ದ. ಅದು ಯುದ್ಧದ ಕಾಲ. ಅವನ ಸೀಮೆಯ ಗಾಳದ ಕೋಲು ಮುರಿದುಹೋಗಿತ್ತು, ಹೊಸದು ಹಡಗಿನಲ್ಲಿ ಬರಬೇಕಿತ್ತು. ಅವನ ಆಳು ಪಾರ್ಸೆಲ್ಲಿಗೆಂದು ಅರಸೀಕೆರೆ ಸ್ಟೇಷನ್ನಿಗೆ ಹೋಗಿ ಹೋಗಿ ಬರಿಗೈಯಲ್ಲಿ ವಾಪಸು ಬರುತ್ತಿದ್ದ. ಕೊನೆಗೆ ಒಂದು ಭಾನುವಾರ ದೊರೆಯೇ ನಮ್ಮ ಮನೆಗೆ ಬಂದು, ಮುರಿದ ಕೋಲನ್ನು ಅಣ್ಣನ ಮುಂದೆ ಇಟ್ಟ. ನಾನು ರಜೆಗೆ ಮನೆಯಲ್ಲಿದ್ದೆ. ದುಭಾಷಿಯ ಪಟ್ಟ ತಾನಾಗಿಯೇ ನನಗೆ ಬಂತು.

ದೊರೆ ಹೇಳಿದ್ದು ಇಷ್ಟು: ಇಂಥ ಕೋಲು ಮಾಡು, ಮೀನು ಬಿದ್ದರೆ ನನ್ನ ನಾಲ್ಕು ಜನ ಸ್ನೇಹಿತರಿಗೂ ಬೇಕು, ಆಮೇಲೆ ಬುಟ್ಟಿ ಹೆಣೆಯುವ ಕೆಲಸ ಬಿಟ್ಟು ಕೋಲಿನದೇ ಮಾಡುತ್ತಿರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಣ್ಣ ಮುರಿದ ತುಂಡನ್ನು ಮೂಗಿನ ಹತ್ತಿರ ಹಿಡಿದು ಮೂಸಿದ.

"ಇದನ್ನೂ ಬಿದಿರಲ್ಲೇ ಮಾಡವ್ರೆ ಕಣ್ಲಾ," ಎಂದ. ಅವನ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಸೀಮೆಯಲ್ಲೂ ಮೇದರು ಇದ್ದಾರೆಂದು ಅವನಿಗೆ ಅಂದೇ ಗೊತ್ತಾಯಿತು.

ದೊರೆ ತನ್ನ ರೇಷ್ಮೆ ದಾರದ ಉರುಳೆ, ದಾರಕ್ಕೆ ಹಚ್ಚುವ ಒಂದು ಡಬ್ಬಿ ಮುಲಾಮು, ಎರಡು ಗಾಳ ಬಿಟ್ಟುಹೋದ. ಆ ಗಾಳಗಳಿಗೆ ಎರೆಹುಳ ಸಿಕ್ಕಿಸುವಂತಿಲ್ಲ. ಬೆರಳುದ್ದದ ಗರಿಗಳನ್ನು ಕೊಕ್ಕೆಗೆ ಸುತ್ತಿ ಕಟ್ಟಿದ್ದರು. ನೀರಲ್ಲಿ ಅದ್ದಿ ಎಳೆದರೆ ಗರಿಗಳು ಒಂದಕ್ಕೊಂದು ಅಂಟಿಕೊಂಡು ಪುಟ್ಟ ಮೀನು ಓಡಿದಂತೆ ಕಾಣುತ್ತಿತ್ತು. ಗರಿಮೀನು ಎಂದು ಅದಕ್ಕೆ ಹೆಸರಿಟ್ಟವಳು ನಮ್ಮ ಅತ್ತಿಗೆ. ಪರೀಕ್ಷೆಗೆಂದು ಅಣ್ಣ ತಾನೇ ಮೂರು ಗರಿಮೀನು ಕಟ್ಟಿದ. ಅದಕ್ಕೆ ಅತ್ತಿಗೆಯ ಬಿಳಿ ಹುಂಜ ಬಲಿಯಾಯಿತು. ಪ್ರಾಣ ಹೋಗಲಿಲ್ಲ, ಆದರೆ ಬೋಳು ಕತ್ತು ಹೊತ್ತುಕೊಂಡು ತಿಂಗಳುಗಟ್ಟಲೆ ಕೇರಿಯಲ್ಲಿ ತಲೆತಗ್ಗಿಸಿ ಓಡಾಡಿತು. ಅತ್ತಿಗೆ ಎರಡು ದಿನ ಅಣ್ಣನೊಡನೆ ಮಾತು ಬಿಟ್ಟಳು.

ನಮ್ಮೂರ ಗಾಳದಲ್ಲಿ ತುದಿಗೆ ಕಟ್ಟಿದ ಸೀಸದ ಗುಂಡಿನ ಭಾರಕ್ಕೆ ದಾರ ಹೋಗುತ್ತದೆ. ಇದರಲ್ಲಿ ಹಾಗಲ್ಲ. ಗರಿಗೆ ಭಾರವೇ ಇಲ್ಲ. ದಾರವೇ ದಪ್ಪ, ದಾರವೇ ಭಾರ, ಎಸೆಯಬೇಕಾದದ್ದು ದಾರವನ್ನು. ಅದು ಗರಿಯನ್ನು ಹೊತ್ತುಕೊಂಡು ಹೋಗಬೇಕು. ದೊರೆ ಕೊಟ್ಟ ಕ್ಯಾಟಲಾಗು ಓದಿ ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ಸಂಜೆ ಹಿಡಿಯಿತು. ಅಣ್ಣ ದಾರವನ್ನು ಅಂಗೈ ಮೇಲೆ ತೂಗಿ ಒಂದು ಗಳಿಗೆಯಲ್ಲಿ ಹೇಳಿದ.

ಮೊದಲ ಕೋಲನ್ನು ಅವನು ತುಂಬ ಚೆಂದ ಮಾಡಿದ. ತುದಿ ಹುಲ್ಲಿನ ಹಾಗೆ ಬಳುಕುತ್ತಿತ್ತು. ಕೆರೆಯ ಏರಿಯ ಮೇಲೆ ನಿಂತು ಬೀಸಿದರೆ ಒಣ ಗರಿ ಸೊಗಸಾಗಿ ಹಾರಿತು. ಗರಿಯನ್ನು ನೀರಿನಲ್ಲಿ ಅದ್ದಿ ಬೀಸಿದಾಗ ಮಾತ್ರ ಕೋಲು ಸೋತುಹೋಯಿತು. ಒದ್ದೆ ಗರಿಮೀನು ಹಿಂದಿನಿಂದ ಬಂದು ಅಣ್ಣನ ಕಿವಿಗೇ ಬಡಿಯಿತು.

"ದಾರಕ್ಕೆ ತಕ್ಕ ಕೋಲು ಆಗ್ಬೇಕು ಕಣ್ಲಾ," ಎಂದ, ಕಿವಿಯ ರಕ್ತ ಒರೆಸಿಕೊಳ್ಳುತ್ತ. "ಇದು ಚೆಂದಕ್ಕೆ ಐತೆ, ಕೆಲ್ಸಕ್ಕಿಲ್ಲ."

ಆ ಕೋಲು ಅತ್ತಿಗೆಗೆ ಕೋಳಿ ಓಡಿಸಲು ಹೋಯಿತು. ಎರಡನೆಯದಕ್ಕೆ ಅಟ್ಟದ ಮೂಲೆಯಿಂದ ಒಂದು ಗಂಡು ಬಿದಿರು ಇಳಿಸಿದ, ಒಳಗೆ ಟೊಳ್ಳಿಲ್ಲದ ಜಾತಿ. ಬುಡದ ಕಡೆಯ ಗಟ್ಟಿಯನ್ನೇ ಆರಿಸಿಕೊಂಡು ಕೆತ್ತಿದ. ಮೂರು ತುಂಡು, ನಡುವೆ ಹಿತ್ತಾಳೆ ಕೊಳವೆ, ದಾರ ಹಾಯಲು ಛತ್ರಿ ಕಡ್ಡಿಯಿಂದ ಬಗ್ಗಿಸಿದ ಬಳೆಗಳು. ಇಪ್ಪತ್ತು ದಿನ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಈ ಕೋಲು ಕೈಗೆ ಒರಟಾಗಿತ್ತು, ಬೀಸಿದರೆ ತೋಳು ಕೇಳುತ್ತಿತ್ತು, ಆದರೆ ಒದ್ದೆ ಗರಿಯನ್ನು ಇಡೀ ದಾರದೊಂದಿಗೆ ಕೆರೆಯ ನಡುವೆ ಒಯ್ದು ಇಟ್ಟುಬರುತ್ತಿತ್ತು. ಅಣ್ಣ ಅದನ್ನು ಎರಡು ಸಲ ಬೀಸಿ ಕೆಳಗಿಟ್ಟ. ಬೀಡಿ ಹಚ್ಚಿಕೊಂಡು ಏರಿಯ ಮೇಲೆ ಕುಳಿತ.

ಜಗಳ ಬಂದದ್ದು ಮುಲಾಮಿನ ವಿಷಯಕ್ಕೆ. ಡಬ್ಬಿಯ ಮೇಲೆ ಅಚ್ಚು ಹಾಕಿತ್ತು: ಪ್ರತಿ ಸಲ ಬಳಸುವ ಮುನ್ನ ದಾರಕ್ಕೆ ಚೆನ್ನಾಗಿ ತಿಕ್ಕಿ ಹಚ್ಚತಕ್ಕದ್ದು. ನಾನು ಓದಿ ಹೇಳಿದೆ. ಅಣ್ಣ ಒಂದು ಮೊಳ ದಾರಕ್ಕೆ ಹಚ್ಚಿ ಕೊಡದ ನೀರಲ್ಲಿ ಬಿಟ್ಟ. ದಾರ ತೇಲಿತು. ಹಚ್ಚದ ತುದಿಯನ್ನು ಬಿಟ್ಟ. ನಿಧಾನವಾಗಿ ನೀರು ಕುಡಿದು ಮುಳುಗಿತು.

"ಹಚ್ಬೇಡ," ಎಂದ. "ಚಳಿಗಾಲ್ದಲ್ಲಿ ಬಿಳಿಮೀನು ಮಡುವಿನ ತಳ ಬಿಟ್ಟು ಏಳಾಕಿಲ್ಲ. ದಾರ ಮುಳುಗ್ಬೇಕು. ದೊರೆ ಬರೋ ದಿನ ಹೊಳೆ ತಾವ ಹೋದೇಟ್ಗೆ ಮೊದ್ಲು ನೀರಲ್ಲಿ ನೆನೆಸೋಣ."

"ಅಣ್ಣಯ್ಯ, ದೊರೆಗಳು ಸುಮ್ಮನೆ ಅಚ್ಚು ಹಾಕಿಸಿರ್ತಾರಾ?" ಎಂದೆ.

"ಅಚ್ಚು ಹಾಕ್ದೋನು ಯಗಚಿ ನೋಡವ್ನಾ?" ಎಂದು ಅಣ್ಣ ನಕ್ಕ. ನೋಡಲು ಬಂದಿದ್ದ ಪಕ್ಕದ ಮನೆಯವರೂ ನಕ್ಕರು.

ಆ ನಗು ನನಗೆ ಚುಚ್ಚಿತು. ಇಡೀ ಕೇರಿಗೆ ಕಾಗದ ಓದಿ ಹೇಳುವವನು ನಾನು. ಹೆಬ್ಬೆಟ್ಟು ಒತ್ತುವ ಅಣ್ಣನಿಂದ ಎಲ್ಲರೆದುರು ನಗೆಪಾಟಲಾಗಬೇಕೇ? ಹೀಗೆ ಯೋಚಿಸಿದ ನನ್ನ ಮೇಲೆ ನನಗೆ ಈಗ ಹೇಸಿಗೆಯಾಗುತ್ತದೆ. ಆಗ ಆಗಲಿಲ್ಲ.

ದಾರ ನನ್ನ ವಶದಲ್ಲೇ ಇತ್ತು. ಅಣ್ಣನೇ ಕೊಟ್ಟಿದ್ದ. "ನನ್ ಕೈಯೆಲ್ಲ ಸಿಬಿರು, ರೇಷ್ಮೆ ಎಳೆ ಕಿತ್ತೋದಾತು, ನೀನೇ ಮಡಿಕ್ಕೊ," ಎಂದಿದ್ದ. ದೊರೆ ಬರುವ ದಿನ ಬೆಳಿಗ್ಗೆ ಅಣ್ಣ ಸ್ನಾನಕ್ಕೆ ಹೋದಾಗ ನಾನು ಹಿತ್ತಲಲ್ಲಿ ಕುಳಿತು ಇಡೀ ದಾರವನ್ನು ಬಿಚ್ಚಿ, ಡಬ್ಬಿಯ ಮುಲಾಮನ್ನು ಮೊಳ ಮೊಳಕ್ಕೂ ತಿಕ್ಕಿ ತಿಕ್ಕಿ ಹಚ್ಚಿದೆ. ಮತ್ತೆ ಉರುಳೆಗೆ ಸುತ್ತಿ ಚೀಲಕ್ಕೆ ಹಾಕಿದೆ. ದೊರೆಯೆದುರು ಮೀನು ಬಿದ್ದ ಮೇಲೆ ಅಣ್ಣನಿಗೆ ನಿಜ ಹೇಳಿ, ಆ ನಗುವನ್ನು ಬಡ್ಡಿಸಮೇತ ವಾಪಸು ಮಾಡುವುದು ನನ್ನ ಲೆಕ್ಕಾಚಾರವಾಗಿತ್ತು.

ಹೊಳೆಯ ಹತ್ತಿರ ಅಣ್ಣ ದಾರ ನೆನೆಸಲು ಕೈಚಾಚಿದ. ಅಷ್ಟರಲ್ಲಿ ದೊರೆಯ ಕಾರು ಬಂತು. ದೊರೆಗೆ ಆತುರ, ಉರುಳೆಯನ್ನು ತಾನೇ ಕೋಲಿಗೆ ಸಿಕ್ಕಿಸಿಕೊಂಡ. ದಡದ ಮೇಲೆ ಜನ ನಿಂತರೆ ಮೀನು ಬೆದರುತ್ತದೆಂದು ಅಣ್ಣನನ್ನು ಬಂಡೆಯ ಹಿಂದೆ ಕೂರಿಸಲು ಹೇಳಿದ. ಅಲ್ಲಿಂದ ಅಣ್ಣನಿಗೆ ಕಾಣುತ್ತಿದ್ದದ್ದು ಕೋಲಿನ ತುದಿ ಮಾತ್ರ. ನೀರು ಕಾಣುತ್ತಿರಲಿಲ್ಲ. ನಾನು ದುಭಾಷಿ, ದೊರೆಯ ಪಕ್ಕದಲ್ಲೇ ಇದ್ದೆ.

ದೊರೆ ಕೋಲು ಬೀಸಿದ. ದಾರ ಹೋಯಿತು, ಮಡುವಿನ ಆಚೆ ದಡದ ತನಕ ಹೋಯಿತು. ದೊರೆ ಶಿಳ್ಳೆ ಹಾಕಿದ. ಬಂಡೆಯ ಹಿಂದಿನಿಂದ ಅಣ್ಣ ಇಣುಕಿ ನನ್ನ ಕಡೆ ನೋಡಿದ, ನಾನು ತಲೆಯಾಡಿಸಿದೆ. ಮರಿಮೀನಿನ ಹಾಗೆ ಆಳದಲ್ಲಿ ಓಡಬೇಕಾದ ಗರಿ, ದಾರದ ಜೊತೆ ನೀರಿನ ಮೇಲೆಯೇ ಗೆರೆ ಎಳೆಯುತ್ತ ಬಂತು. ಮತ್ತೆ ಬೀಸಿದ. ಮತ್ತೆ ಗೆರೆ. ನೀರು ತಿಳಿಯಾಗಿತ್ತು. ಬಿಸಿಲು ಏರಿದಂತೆ ತಳ ಕಂಡಿತು. ತಳದಲ್ಲಿ ತೊಡೆಯಷ್ಟು ದಪ್ಪದ ಎರಡು ಬಿಳಿಮೀನು ಅಕ್ಕಪಕ್ಕ ನಿಂತಿದ್ದವು. ಗರಿ ಅವುಗಳ ನೆತ್ತಿಯ ಮೇಲೆ ಎರಡಾಳು ಎತ್ತರದಲ್ಲಿ ಹಾದುಹೋಗುತ್ತಿತ್ತು. ಅವು ಮುಖವೆತ್ತಲಿಲ್ಲ.

ನನಗೆ ಅರ್ಥವಾಯಿತು. ಅಣ್ಣ ಕೊಡದ ನೀರಲ್ಲಿ ತೋರಿಸಿದ್ದು ಕಣ್ಣೆದುರೇ ನಡೆಯುತ್ತಿತ್ತು. ದೊರೆಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು: ಮುಲಾಮು ಹಚ್ಚಿದ್ದು ನನ್ನ ತಪ್ಪು, ಸೀಗೆಪುಡಿ ಹಾಕಿ ತೊಳೆದುಕೊಡುತ್ತೇನೆ. ಆ ಮಾತಿಗೆ ಬೇಕಾದ ಇಂಗ್ಲಿಷ್ ನನ್ನ ನಾಲಿಗೆಯ ತುದಿಯಲ್ಲಿತ್ತು. ದೊರೆಯೂ ತನ್ನ ನಾಡಿನ ಸಣ್ಣ ಹೊಳೆಗಳಲ್ಲಿ ದಾರ ತೇಲಿಸಿಯೇ ಮೀನು ಹಿಡಿದವನು, ಅವನಿಗೆ ತೇಲುವ ದಾರ ತಪ್ಪೆನಿಸಲೇ ಇಲ್ಲ. ನಾನು ಬಾಯಿ ಮುಚ್ಚಿಕೊಂಡು ನಿಂತೆ. ಊಟದ ಹೊತ್ತಿನ ತನಕ ನಿಂತೆ.

ದೊರೆ ಕೊನೆಗೆ ಕೋಲನ್ನು ಹುಲ್ಲಿನ ಮೇಲೆ ಎಸೆದ. ಈ ಬಿದಿರಿನಲ್ಲಿ ಜೀವವಿಲ್ಲ, ಗರಿಯನ್ನು ಮೀನಿನಂತೆ ಓಡಿಸುವುದಿಲ್ಲ, ನಿಮ್ಮವರಿಗೆ ಬುಟ್ಟಿಯೇ ಸರಿ ಎಂದ. ಬಂಡೆಯ ಹಿಂದಿನಿಂದ ಅಣ್ಣ ಎದ್ದು ಬಂದ. ಎರಡು ಕೈ ಕಟ್ಟಿಕೊಂಡಿದ್ದ.

"ಏನಂತಾರ್ಲಾ?"

ನಾನು ಅಲ್ಲಿಯವರೆಗೆ ದೊರೆಯ ಮಾತನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ಹೇಳುತ್ತಿದ್ದವನು. ಅಂದು ಮಾತ್ರ ಒಂದಕ್ಷರ ಆಚೀಚೆಯಾಗದಂತೆ ಹೇಳಿದೆ. "ಬಿದಿರಲ್ಲಿ ಜೀವ ಇಲ್ವಂತೆ ಅಣ್ಣಯ್ಯ. ನಮಗೆ ಬುಟ್ಟಿಯೇ ಸರಿಯಂತೆ."

ದೊರೆ ದಾರ, ಗಾಳ, ಡಬ್ಬಿ ತೆಗೆದುಕೊಂಡು ಹೋದ. ಕೋಲು ನಮಗೇ ಉಳಿಯಿತು. ಅಣ್ಣ ಅದನ್ನು ಬಿಚ್ಚಿ, ಒಂದೊಂದು ತುಂಡನ್ನೂ ಬಿಸಿಲಿಗೆ ಹಿಡಿದು ನೋಡುತ್ತ ಮನೆಯವರೆಗೂ ನಡೆದ. ದಾರಿಯಲ್ಲಿ ಒಂದೇ ಮಾತು ಆಡಿದ.

"ಇದನ್ನ ಕಡ್ದಿದ್ದು ಅಮಾಸೆ ಮುಂದೋ ಹಿಂದೋ ನೆಪ್ಪಾಗ್ವಲ್ದು ಕಣ್ಲಾ."

ಅವನಿಗೆ ಚೆನ್ನಾಗಿ ನೆನಪಿತ್ತು. ಅಮಾವಾಸ್ಯೆಗೆ ಎರಡು ದಿನ ಮುಂಚೆ ಕಡಿದದ್ದು, ನಾನೇ ಹೊತ್ತು ತಂದಿದ್ದೆ. ಹಾಗೆಂದು ಹೇಳಬಹುದಿತ್ತು. ಆದರೆ ಬಿದಿರಿನ ತಪ್ಪಲ್ಲವಾದರೆ ಮತ್ತೆ ಯಾರದು ಎಂದು ಅವನು ಕೇಳುತ್ತಿದ್ದ. ತಿಂಗಳೊಳಗೆ ಅವನು ತನಗೆ ತಾನೇ ಹೇಳಿಕೊಂಡುಬಿಟ್ಟ, ಅದು ಬೆಳದಿಂಗಳ ಪಕ್ಷದಲ್ಲಿ ಕಡಿದ ಬಿದಿರೇ ಎಂದು. ಬಂದವರಿಗೂ ಹಾಗೆಯೇ ಹೇಳುತ್ತಿದ್ದ.

ಅವನು ಕೂಗಾಡಿದ್ದರೆ, ಕುಡಿದಿದ್ದರೆ, ನನ್ನ ಮೇಲೆ ಕೈ ಮಾಡಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಅವನು ಬುಟ್ಟಿ ಹೆಣೆದ, ಮೊರ ಹೆಣೆದ, ಜಾವಗಲ್ಲಿನ ಸಂತೆಗೆ ಹೊತ್ತುಕೊಂಡು ಹೋಗಿ ಮಾರಿದ. ಆದರೆ ಮೆಳೆಯ ಮುಂದೆ ನಿಂತರೆ ಕೈ ಹಿಂದೆಗೆಯತೊಡಗಿತು. ಒಂದು ಸಲ ತಟ್ಟುವನು, ಮತ್ತೆ ತಟ್ಟುವನು, ಮುಂದಿನದಕ್ಕೆ ಹೋಗುವನು, ವಾಪಸು ಬರುವನು. ಜೊತೆಗೆ ಬಂದವರನ್ನು, ನಿನ್ನೆ ಮೊನ್ನೆ ಮಚ್ಚು ಹಿಡಿದ ಕೇರಿಯ ಹುಡುಗರನ್ನು, "ಇದು ಆದಾತಾ?" ಎಂದು ಕೇಳುವನು. ಅವರು ಮೊದಮೊದಲು ತಮಾಷೆ ಎಂದುಕೊಂಡರು. ಆಮೇಲೆ ಬೆನ್ನ ಹಿಂದೆ ನಗತೊಡಗಿದರು. ನನ್ನನ್ನು ಕಂಡರೆ ಮಾತ್ರ ಈಗಲೂ ಏಳುತ್ತಿದ್ದರು.

ಆ ಕೋಲನ್ನು ಅತ್ತಿಗೆ ಮತ್ತೆ ಜೋಡಿಸಿ ಬಟ್ಟೆ ಒಣಗಿಸುವ ಗಳುವಾಗಿ ಮಾಡಿಕೊಂಡಳು. ಯುದ್ಧ ಮುಗಿಯಿತು, ದೊರೆ ತೋಟ ಮಾರಿ ಊರಿಗೆ ಹೋದ. ಪ್ರತಿ ರಜೆಯಲ್ಲೂ ನಾನು ಆ ಗಳುವನ್ನು ನೋಡುತ್ತಿದ್ದೆ. ಒದ್ದೆ ಸೀರೆಗಳ ಭಾರಕ್ಕೆ ಒಂದು ನೂಲಿನಷ್ಟೂ ಸೊಟ್ಟಗಾಗಿರಲಿಲ್ಲ. ಒಂದು ಹುಳದ ತೂತೂ ಇರಲಿಲ್ಲ. ಅಣ್ಣ ಅದರ ಕೆಳಗೇ ಬಗ್ಗಿಕೊಂಡು ಓಡಾಡುತ್ತಿದ್ದ, ತಲೆಯೆತ್ತಿ ನೋಡುತ್ತಿರಲಿಲ್ಲ.

ಒಮ್ಮೆ ಏಣಿಗೆ ಬಿದಿರು ತರಲು ಅವನೊಬ್ಬನೇ ಹೊರಟಿದ್ದ. ನಾನೂ ಜೊತೆಗೆ ಹೋದೆ. ಇವತ್ತು ಹೇಳಿಯೇ ತೀರಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತಿದ್ದೆ. ಮೆಳೆಯ ಹತ್ತಿರ ಅವನು ಬಹಳ ಹೊತ್ತು ನಿಂತ. ಒಂದು ಗಳುವನ್ನು ಹಿಡಿದು, ತಟ್ಟಲು ಬೆರಳು ಮಡಿಸಿ, ಹಾಗೆಯೇ ಕೈ ಇಳಿಸಿದ. ಆಮೇಲೆ ನನ್ನ ಕಡೆ ತಿರುಗಿದ.

"ನೀನು ಓದ್ದೋನು. ನೋಡ್ಲಾ, ಇದು ಆದಾತಾ?"

ನನಗೆ ಬಿದಿರಿನ ವಿಷಯ ಏನೂ ಗೊತ್ತಿಲ್ಲ. ಚಿಕ್ಕಂದಿನಿಂದ ಪುಸ್ತಕ ಹಿಡಿದ ಕೈ ನನ್ನದು. ಅವನು ಹಿಂದೆ ತಟ್ಟುತ್ತಿದ್ದ ಹಾಗೆಯೇ ಬೆರಳ ಗೆಣ್ಣು ಮಡಿಸಿ ಆ ಬಿದಿರನ್ನು ಎರಡು ಸಲ ತಟ್ಟಿದೆ, ಕಿವಿಗೊಟ್ಟು ಕೇಳಿದಂತೆ ಮಾಡಿದೆ.

"ಆಗ್ತದೆ ಅಣ್ಣಯ್ಯ," ಎಂದೆ.

ಅವನು ಇನ್ನೊಮ್ಮೆ ನೋಡಲೂ ಇಲ್ಲ. ಮಚ್ಚು ಎತ್ತಿ ಅದನ್ನೇ ಕಡಿದ.