ಪಟ್ಟಿಗೆ ಸೇರದ ಬಾಜೂ ಮನೆ ಅತ್ತೆ

ತಟ್ಟಿದರೆ ಆ ಬಾಗಿಲು ನಾಲ್ಕು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಅಡ್ಡಕ್ಕೊಂದು ಕಬ್ಬಿಣದ ಸರಪಳಿ. ಸಂದಿಯಲ್ಲಿ ಕಿರಿದಾಗಿಸಿದ ಒಂದು ಕಣ್ಣು, ಅದರ ಕೆಳಗೆ ಹೊಳೆಯುವ ಮೂಗುಬೊಟ್ಟು. ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಬಾಜೂ ಮನೆಯ ಅತ್ತೆಯ ಪೂರ್ತಿ ಮುಖವನ್ನು ಅವರ ಹೊಸ್ತಿಲಲ್ಲಿ ಕಂಡವರು ಕಡಿಮೆ. ಅವರೇನು ನಮ್ಮ ಬಳಗದವರಲ್ಲ, ಕರೆಯುವ ರೂಢಿ ಅಷ್ಟೆ.

ಹಾಲಿನವನು ತಡವಾಗಿ ಬಂದರೆ ನೀರು ಬೆರೆಸಲು ನಿಂತಿದ್ದನೆಂದು ಅವರಿಗೆ ಶಕ್, ಅನುಮಾನ. ಬೇಗ ಬಂದರೆ ನಿನ್ನೆಯ ಹಾಲೆಂದು ಶಕ್. "ಸುಮ್ನ ಅಂತ ಯಾರೂ ಸುಮ್ನ ಬರಂಗಿಲ್ಲವ್ವಾ" ಎನ್ನುವುದು ಅವರ ವೇದವಾಕ್ಯ. ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಹೊತ್ತಿಗೊಮ್ಮೆ ಅವರ ತಲೆ ಮೂಡುತ್ತಿತ್ತು. ನಮ್ಮ ಮನೆಗೆ ಬಂದ ನೆಂಟರು ಯಾರೆಂದು ನಮಗಿಂತ ಮೊದಲು ಅವರಿಗೆ ಗೊತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಕಂಪ್ಯೂಟರ್ ಕಲಿಸುವವಳು. ಗೆಳತಿಯರೊಂದಿಗೆ ಸೇರಿ ರಕ್ತ ಕೊಡುವವರ ಪಟ್ಟಿಯ ಡೇಟಾಬೇಸ್ ಒಂದನ್ನು ಮಾಡಿದ್ದೆ. ಅವರವರ ಮನೆ ನಕ್ಷೆಯಲ್ಲಿ ಎಲ್ಲಿದೆ ಎಂದು ಸೇರಿಸಿಟ್ಟರೆ ಸಾಕು. ರಕ್ತದ ಗುಂಪು ಒತ್ತಿದೊಡನೆ, ನಾವು ನಿಂತ ಜಾಗಕ್ಕೆ ಹತ್ತಿರದವರು ಮೊದಲು, ದೂರದವರು ಆಮೇಲೆ, ಸಾಲಾಗಿ ಬರುತ್ತಿದ್ದರು. ಹೆಸರು ಸೇರಿಸಲು ಅತ್ತೆಯ ಬಾಗಿಲಿಗೂ ಹೋದೆ.

"ಯಾರ ಮನಿ ಎಷ್ಟು ದೂರ ಅಂತ ನಿಂಗ್ಯಾಕ ಬೇಕು?" ಸಂದಿಯಿಂದ ಕಣ್ಣು ಕೇಳಿತು.

"ರಕ್ತ ಬೇಕಾದಾಗ ಹತ್ತಿರದವ್ರು ಸಿಗ್ಲಿ ಅಂತರೀ ಅತ್ತಿ."

"ಕಳ್ಳಗೂ ಅದ ಬೇಕಾಗಿರತೈತಿ. ನನ್ನ ಪತ್ತಾ ಮಿಶಿನ್‌ನ್ಯಾಗ ಹಾಕಬ್ಯಾಡ."

ಬಾಗಿಲು ಮುಚ್ಚಿತು.

ಆ ವರ್ಷವೇ ಒಂದು ಬೆಳಿಗ್ಗೆ ಅವ್ವ ರಕ್ತ ವಾಂತಿ ಮಾಡಿಕೊಂಡಳು. ಆಟೋದಲ್ಲಿ ದವಾಖಾನೆಗೆ ಒಯ್ದೆವು. ಅವಳದು ಸುಲಭಕ್ಕೆ ಸಿಗದ ಓ ನೆಗೆಟಿವ್. ಅಲ್ಲಿ ಆ ರಕ್ತವಿರಲಿಲ್ಲ. ಮೊಬೈಲಿನಲ್ಲಿ ಹುಡುಕಿದೆ. ಮೊದಲ ಹೆಸರು ಹತ್ತಿರದ ಊರು ಮಕ್ತಲಿನದು. ಆತ ದುಡಿಯಲು ಮುಂಬೈಗೆ ಹೋಗಿ ತಿಂಗಳುಗಳೇ ಆಗಿದ್ದವು. ಮನೆ ಮಾತ್ರ ನಕ್ಷೆಯಲ್ಲಿತ್ತು. ಎರಡನೆಯವರು ಗದ್ವಾಲದವರು. ಹೊರಟೆ ಎಂದರು, ಆದರೆ ಕೃಷ್ಣೆ ದಾಟಿ ಬರಬೇಕು. ಅಷ್ಟು ಹೊತ್ತು ಕಾಯುವಂತಿಲ್ಲ ಎಂದರು ಡಾಕ್ಟರು.

ವರಾಂಡದ ಕಂಬದ ಹಿಂದಿನಿಂದ ಅತ್ತೆ ಬಂದರು.

"ಆಟೋದಾಗ ಯಾರನ್ನ ಹಾಕ್ಕೊಂಡು ಹೊಂಟ್ರಿ ಅಂತ ನೋಡಾಕ ಬಂದೆ," ಎಂದರು, ಒಂದಿಷ್ಟೂ ಸಂಕೋಚವಿಲ್ಲದೆ. "ನೀ ಫೋನ್‌ನ್ಯಾಗ ಅಂದದ್ದು ಕೇಳಿದೆ. ನಂದೂ ಅದ ಗುಂಪು. ಆಪರೇಷನ್ ಆದಾಗ ಹೇಳಿದ್ರು."

ರಕ್ತ ಕೊಟ್ಟ ಮೇಲೂ ಅತ್ತೆ ಶಕ್ ಬಿಡಲಿಲ್ಲ. "ಇದು ಬ್ಯಾರೆಯವ್ರಿಗೆ ಹೋಗಂಗಿಲ್ಲಂತ ಏನು ಗ್ಯಾರಂಟಿ?" ಎಂದು ನರ್ಸಮ್ಮನನ್ನು ಕೇಳಿ, ರಕ್ತದ ಪರೀಕ್ಷೆ ಮುಗಿಯುವವರೆಗೆ ಲ್ಯಾಬಿನ ಬಾಗಿಲಲ್ಲೇ ಕೂತರು. ಆಮೇಲೆ ಆ ಚೀಲದ ಹಿಂದೆಯೇ ಅವ್ವನ ಮಂಚದವರೆಗೆ ನಡೆದುಬಂದು, ಮೊದಲ ಹನಿ ಇಳಿಯುವುದನ್ನು ಕಣ್ಣು ಕಿರಿದಾಗಿಸಿ ನೋಡಿದರು. ಅವ್ವ ಉಳಿದಳು. ಆ ಕಣ್ಣಿನ ಮೇಲೆ ನನಗೆ ಅಂದಿನಿಂದ ಪ್ರೀತಿ.

"ಈಗಾದ್ರೂ ನಿಮ್ಮ ಹೆಸರು ಹಾಕ್ಲೇನ್ರಿ ಅತ್ತಿ?" ಎಂದೆ.

"ಬ್ಯಾಡ. ಗ್ವಾಡಿ ಮ್ಯಾಗಿಂದ ಕರೀ, ಸಾಕು."

ಹೋದ ಚಳಿಗಾಲದಲ್ಲಿ ಅತ್ತೆ ನಿದ್ದೆಯಲ್ಲೇ ತೀರಿಕೊಂಡರು. ಅಂದು ಆ ಬಾಗಿಲಿನ ಎರಡೂ ಕದ ತೆರೆದಿದ್ದವು, ಸರಪಳಿ ಜೋತುಬಿದ್ದಿತ್ತು. ಯಾರ್ಯಾರೋ ಒಳಗೆ ಹೋಗುತ್ತಿದ್ದರು, ಬರುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಹೊಸ್ತಿಲಲ್ಲಿ ನಿಂತು ಒಬ್ಬೊಬ್ಬರನ್ನೂ "ಯಾರ್ರಿ ನೀವು? ಯಾಕ ಬಂದೀರಿ?" ಎಂದು ಕೇಳಿಯೇ ಒಳಗೆ ಬಿಟ್ಟೆ.